ಒಬ್ಬರ ಹೆಸರಿನ ರಜೆ, ಇಬ್ಬರ ಕೂಸು

ಬೆಳಕು ಸರಿಯಾಗಿ ಹರಿಯುವ ಮೊದಲೇ ತಮಿಳುನಾಡಿನ ಧಾರಾಪುರಂ ಸುತ್ತಲಿನ ಹಳ್ಳಿಗಳಿಗೆ ಬನಿಯನ್ ಕಂಪನಿಗಳ ವ್ಯಾನುಗಳು ಬಂದು ನಿಲ್ಲುತ್ತವೆ. ತಿರುಪ್ಪೂರು ಇಲ್ಲಿಂದ ಐವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಊಟದ ಡಬ್ಬಿ ಹಿಡಿದು ಹತ್ತುವವರಲ್ಲಿ ಹೆಂಗಸರೂ ಇದ್ದಾರೆ, ಗಂಡಸರೂ ಇದ್ದಾರೆ. ಗಂಡ ಹೆಂಡತಿ ಒಂದೇ ವ್ಯಾನಿನಲ್ಲಿ ಹೋಗಿ ಒಂದೇ ಕಂಪನಿಯ ಬೇರೆ ಬೇರೆ ಸಾಲುಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವುದೂ ಉಂಟು. ಇಬ್ಬರ ಕೂಲಿಯನ್ನೂ ಶಿಫ್ಟಿನ ಲೆಕ್ಕದಲ್ಲಿ ಎಣಿಸುತ್ತಾರೆ. ಇಬ್ಬರೂ ಪಟ್ಟಿಯಲ್ಲಿದ್ದರೆ ಇಬ್ಬರ ಕೂಲಿಯಿಂದಲೂ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವಂತಿಗೆಯನ್ನು ಒಂದೇ ದರದಲ್ಲಿ ಮುರಿದುಕೊಳ್ಳುತ್ತಾರೆ. ಮನೆಗೆ ಕೂಸು ಬಂದ ದಿನ ಈ ಸರಿಸಮ ಲೆಕ್ಕ ಮುಗಿಯುತ್ತದೆ. ಹೆಂಡತಿಗೆ ಕಾನೂನು 26 ವಾರಗಳ ಸಂಬಳ ಸಹಿತ ರಜೆ ಕೊಡುತ್ತದೆ. ಗಂಡನಿಗೆ ಒಂದು ದಿನವನ್ನೂ ಕೊಡುವುದಿಲ್ಲ.

ದುಡಿಯುವ ಅಪ್ಪ ಅಮ್ಮ ಕೂಸು ಹುಟ್ಟಿದ ಮೇಲಿನ ರಜೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಪ್ರಶ್ನೆ ಸ್ಟಾಕ್‌ಹೋಮಿನಲ್ಲಿ ಐವತ್ತು ವರ್ಷಗಳಿಂದ ಚರ್ಚೆಯಲ್ಲಿದೆ. ಧಾರಾಪುರಂನಲ್ಲಿ ಆ ಪ್ರಶ್ನೆ ಇನ್ನೂ ಹುಟ್ಟಿಲ್ಲ, ಏಕೆಂದರೆ ಹಂಚಿಕೊಳ್ಳಲು ಇಬ್ಬರ ಕೈಯಲ್ಲೂ ಏನಾದರೂ ಇರಬೇಕಲ್ಲ. ಇಲ್ಲಿ ರಜೆ ಇರುವುದು ತಾಯಿಯ ಹೆಸರಿನಲ್ಲಿ ಮಾತ್ರ. ಆಕೆ ಬಯಸಿದರೂ ಅದರಲ್ಲಿ ಒಂದು ವಾರವನ್ನು ಗಂಡನಿಗೆ ಬಿಟ್ಟುಕೊಡಲಾರಳು.

ತಾಯಂದಿರೊಳಗೂ ಎಲ್ಲರ ಪಾಲು ಒಂದೇ ಅಲ್ಲ. ಈ ಪ್ರದೇಶದ ಒಂದೇ ಬೀದಿಯಲ್ಲಿ ಮೂರು ಮನೆಗಳನ್ನು ಕಲ್ಪಿಸಿಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ಮೊದಲ ಮನೆಯಾಕೆ ಸರ್ಕಾರಿ ಶಾಲೆಯ ಕಾಯಂ ಶಿಕ್ಷಕಿ. ತಮಿಳುನಾಡು ಸರ್ಕಾರ ತನ್ನ ನೌಕರಿಯಲ್ಲಿರುವ ಹೆಂಗಸರ ಹೆರಿಗೆ ರಜೆಯನ್ನು 2016ರಲ್ಲಿ ಆರು ತಿಂಗಳಿಂದ ಒಂಬತ್ತಕ್ಕೆ, 2021ರ ಜುಲೈ 1ರಿಂದ ಹನ್ನೆರಡಕ್ಕೆ ಏರಿಸಿದೆ. ಒಂದು ವರ್ಷ, ಪೂರ್ತಿ ಸಂಬಳ. ಎರಡನೆಯ ಮನೆಯಾಕೆ ತಿರುಪ್ಪೂರಿನ ಕಂಪನಿಯ ಪಟ್ಟಿಯಲ್ಲಿ ಹೆಸರಿರುವ ಟೈಲರ್. ತಿಂಗಳ ಸಂಬಳ 21,000 ರೂಪಾಯಿ ಮೀರದಿದ್ದರೆ ಆಕೆಗೆ ಇ.ಎಸ್.ಐ. ನಿಧಿಯಿಂದ 26 ವಾರ ಪೂರ್ತಿ ಸರಾಸರಿ ಕೂಲಿ ಬರುತ್ತದೆ. ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಕಟ್ಟಿರಬೇಕು. ಮೂರನೆಯ ಮನೆಯಾಕೆ ಪವರ್ ಟೇಬಲ್ ಎಂದು ಕರೆಯುವ ಹೊಲಿಗೆ ಘಟಕದ ಗುತ್ತಿಗೆದಾರನ ಕೆಳಗೆ ತುಂಡಿನ ಲೆಕ್ಕದಲ್ಲಿ ಹೊಲಿಯುತ್ತಾಳೆ, ಇಲ್ಲವೇ ಮನೆಯಲ್ಲೇ ಕೂತು ಬನಿಯನ್ನಿನ ದಾರ ಕತ್ತರಿಸುತ್ತಾಳೆ. ಯಾವ ಪಟ್ಟಿಯಲ್ಲೂ ಆಕೆಯ ಹೆಸರಿಲ್ಲ. ಬಡತನದ ರೇಖೆಯ ಕೆಳಗಿದ್ದರೆ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ನೆರವು ಯೋಜನೆಯಡಿ ಕಂತುಗಳಲ್ಲಿ ಹಣ ಮತ್ತು ಪೌಷ್ಟಿಕ ಆಹಾರದ ಪೆಟ್ಟಿಗೆ ಸೇರಿ 18,000 ರೂಪಾಯಿಯ ನೆರವು ಸಿಗುತ್ತದೆ. ಅದು ನಿಜಕ್ಕೂ ಉಪಕಾರವೇ, ಆದರೆ ರಜೆಯಲ್ಲ.

ಮೂರೂ ಮನೆಗಳ ಗಂಡಂದಿರು ಖಾಸಗಿ ಕೆಲಸದಲ್ಲಿದ್ದರೆ ಮೂವರ ಪಾಲೂ ಸೊನ್ನೆ. ಈ ವಿಷಯದಲ್ಲಿ ಮಾತ್ರ ಬೀದಿಯಲ್ಲಿ ಭೇದವಿಲ್ಲ.

ನಾಲ್ಕನೆಯ ಮನೆಯೊಂದನ್ನೂ ಸೇರಿಸಬೇಕು. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತಾ ಬಂದ ದೇವಾಂಗ ನೇಕಾರರ ಮನೆ ಅದು. ನೆಗಮಂ, ಸಿರುಮುಗೈ ಕಡೆಯ ಸೀರೆಗಳನ್ನು ನೋಡಿದವರಿಗೆ ಇವರ ಕೈಕೆಲಸ ಗೊತ್ತು. ಇಲ್ಲಿ ಮಗ್ಗ ಮನೆಯೊಳಗೇ ಇರುವುದರಿಂದ ತೊಟ್ಟಿಲು ಅಪ್ಪನ ಕಣ್ಣೆದುರಿಗೇ ತೂಗುತ್ತದೆ. ಆದರೆ ಕಂಡಿಕೆ ಸುತ್ತುವ ಕೈ ಬಾಣಂತಿಯದಾದಾಗ ಲಾಳಿ ನಿಧಾನವಾಗುತ್ತದೆ, ಸೀರೆ ಇಳಿಯುವುದು ತಡವಾಗುತ್ತದೆ, ಸೀರೆಯ ಲೆಕ್ಕದ ಕೂಲಿಯೂ ತಡವಾಗುತ್ತದೆ. ಅಪ್ಪ ಅಮ್ಮ ಇಬ್ಬರೂ ಕೂಸಿನ ಹತ್ತಿರವೇ ಇದ್ದೂ ಇಬ್ಬರಿಗೂ ರಜೆಯಿಲ್ಲದ ಮನೆ ಇದು. ಸ್ವಂತ ಮಗ್ಗದ ದುಡಿಮೆ ನೌಕರಿಯ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ರಜೆಯ ಕುರಿತ ಚರ್ಚೆಗಳಲ್ಲಿ ಇವರ ನೆನಪೇ ಯಾರಿಗೂ ಆಗುವುದಿಲ್ಲ.

ಹೆರಿಗೆ ರಜೆ ಭಾರತಕ್ಕೆ ಸುಲಭವಾಗಿ ಬಂದದ್ದಲ್ಲ. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಚರ್ಚೆಗೆ ಬಂದಾಗ ಅದರ ಪರವಾಗಿ ನಿಂತವರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಒಬ್ಬರು. 1929ರಲ್ಲಿ ಅದು ಕಾನೂನಾಯಿತು. ಕೊಯಮತ್ತೂರಿನ ನೂಲಿನ ಗಿರಣಿಗಳು ಬೆಳೆಯುತ್ತಿದ್ದ ಕಾಲದಲ್ಲಿ, 1934ರಲ್ಲಿ, ಮದ್ರಾಸ್ ಪ್ರಾಂತ್ಯವೂ ತನ್ನದೊಂದು ಕಾನೂನು ತಂದಿತು. ಸ್ವಾತಂತ್ರ್ಯಾನಂತರ 1948ರ ಇ.ಎಸ್.ಐ. ಕಾಯಿದೆ, ಆಮೇಲೆ 1961ರ ಹೆರಿಗೆ ಸೌಲಭ್ಯ ಕಾಯಿದೆ ಬಂದವು. 12 ವಾರಗಳ ರಜೆ 2017ರ ಏಪ್ರಿಲ್ 1ರಿಂದ 26 ವಾರವಾಯಿತು. ಈ ಕಾಯಿದೆಯನ್ನು ಒಳಗೊಂಡ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಮುಂಬಯಿಯ ಆ ಮೊದಲ ಕಾನೂನಿಗೂ ಈ ಸಂಹಿತೆಗೂ ನಡುವೆ ಸುಮಾರು ಒಂದು ಶತಮಾನ ಕಳೆದಿದೆ. ವಾರಗಳ ಎಣಿಕೆ ಹೆಚ್ಚಿದೆ, ಆದರೆ ಅಪ್ಪ ಎಂಬ ಮನುಷ್ಯನಿಗೆ ಅದರಲ್ಲಿ ಇನ್ನೂ ಒಂದು ದಿನದ ರಜೆಯಿಲ್ಲ.

ಶಿಶುವಿಹಾರದ ನಿಯಮವನ್ನೇ ನೋಡಿ. ಐವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಶಿಶುವಿಹಾರ ಇರಬೇಕು ಎಂದು 2017ರ ತಿದ್ದುಪಡಿ ಹೇಳಿತು. ಎಣಿಕೆಗೆ ಗಂಡಸರೂ ಸೇರುತ್ತಾರೆ. ಆದರೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಕೂಸನ್ನು ನೋಡಿ ಬರುವ ಅನುಮತಿ ತಾಯಿಗೆ ಮಾತ್ರ. ಅಪ್ಪ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದರೂ ಅವನಿಗೆ ಆ ಹಕ್ಕಿಲ್ಲ. ಕಾನೂನು ಬರೆದವರ ಮನಸ್ಸಿನಲ್ಲಿ ಕೂಸು ಅತ್ತರೆ ಏಳುವ ಕಾಲು ಒಬ್ಬಳದೇ.

ಸರ್ಕಾರಿ ನೌಕರಿಯ ಒಳಗೆ ಸ್ವಲ್ಪ ಬೇರೆ ಗಾಳಿ ಬೀಸಿದೆ. ಐದನೇ ವೇತನ ಆಯೋಗದ ಕಾಲದಿಂದ ಕೇಂದ್ರ ಸರ್ಕಾರದ ಗಂಡಸರಿಗೆ 15 ದಿನಗಳ ಪಿತೃತ್ವ ರಜೆ ಇದೆ, ಹೆರಿಗೆಯ ಆರು ತಿಂಗಳೊಳಗೆ ಅದನ್ನು ಬಳಸಿಕೊಳ್ಳಬೇಕು. ಕರ್ನಾಟಕವೂ ತನ್ನ ನೌಕರರಿಗೆ 15 ದಿನ ಕೊಡುತ್ತದೆ. ಮಗುವಿಗೆ 18 ತುಂಬುವ ಒಳಗೆ ಒಟ್ಟು 730 ದಿನ ಪಡೆಯಬಹುದಾದ ಕೇಂದ್ರದ ಶಿಶುಪಾಲನಾ ರಜೆ 2008ರಿಂದ ಹೆಂಗಸರಿಗೆ ದೊರೆತರೆ, ಒಂಟಿಯಾಗಿ ಮಗು ಸಾಕುವ ಗಂಡಸರಿಗೆ ದೊರೆತದ್ದು ಹತ್ತು ವರ್ಷ ತಡವಾಗಿ. ಕರ್ನಾಟಕ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟು, 2023ರಲ್ಲಿ ಒಂಟಿ ತಂದೆಯರಿಗೂ ಅದನ್ನು ವಿಸ್ತರಿಸಿತು. ಹೆಂಡತಿ ಇಲ್ಲದಾಗ ಮಾತ್ರ ಗಂಡಸು ಪಾಲಕನಾಗುತ್ತಾನೆ, ಇದ್ದಾಗ ಅವನು ಬರೀ ಸಂಬಳ ತರುವವನು ಎಂಬ ತಿಳಿವಳಿಕೆ ಈ ಆದೇಶಗಳ ಒಳಗೆ ಕೂತಿದೆ. ಸಿಕ್ಕಿಂ 2023ರಲ್ಲಿ ತನ್ನ ನೌಕರರಲ್ಲಿ ತಾಯಿಗೆ ಒಂದು ವರ್ಷ, ತಂದೆಗೆ ಒಂದು ತಿಂಗಳು ಎಂದು ಘೋಷಿಸಿ ದೇಶದಲ್ಲೇ ಒಂದು ಹೆಜ್ಜೆ ಮುಂದೆ ಹೋಯಿತು.

ತಮಿಳುನಾಡಿನಲ್ಲಿ ಈ ಪ್ರಶ್ನೆಯನ್ನು ಮೇಲೆತ್ತಿದ್ದು ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್. ತೆಂಕಾಶಿ ಜಿಲ್ಲೆಯ ಈ ಅಧಿಕಾರಿ ಹೆಂಡತಿಯ ಹೆರಿಗೆಗೆಂದು 2023ರ ಮೇ ತಿಂಗಳಿಂದ 90 ದಿನ ರಜೆ ಕೇಳಿದ್ದರು. ರಜೆ ಮೊದಲು ಮಂಜೂರಾಗಿ, ಕಾನೂನು ಸುವ್ಯವಸ್ಥೆಯ ಕಾರಣಕ್ಕೆ ರದ್ದಾಯಿತು. ಹೆರಿಗೆಯ ಹೊತ್ತಿಗೆ ಅವರು ಹೆಂಡತಿಯ ಬಳಿಯೇ ಉಳಿದರು. ಇಲಾಖೆ ಅವರನ್ನು ಕರ್ತವ್ಯ ಬಿಟ್ಟು ಓಡಿಹೋದವರೆಂದು ಘೋಷಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ನ್ಯಾಯಮೂರ್ತಿ ಎಲ್. ವಿಕ್ಟೋರಿಯಾ ಗೌರಿ ಆ ಆದೇಶವನ್ನು ರದ್ದುಗೊಳಿಸಿದರು. ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕನ್ನು ಮಗುವಿನ ಕಡೆಯಿಂದ ನೋಡಿ, ತಂದೆಯ ರಜೆಗೆ ಪ್ರತ್ಯೇಕ ಕಾನೂನಿನ ಅಗತ್ಯವಿದೆ ಎಂದರು. ಆ ತೀರ್ಪಿನ ನಿಜವಾದ ಬೆಲೆ ಇರುವುದು ಈ ನೋಟದಲ್ಲೇ. ಅಪ್ಪನ ರಜೆ ಗಂಡಸಿಗೆ ಕೊಡುವ ಬಿಡುವಲ್ಲ, ಕೂಸಿಗೆ ಸಲ್ಲಬೇಕಾದ ಪಾಲು.

ಇನ್ನೊಂದು ಪ್ರಕರಣ ಧರ್ಮಪುರಿ ಜಿಲ್ಲೆಯದು. ಮೊದಲ ಮದುವೆಯಿಂದ ಇಬ್ಬರು ಮಕ್ಕಳಿದ್ದ ಸರ್ಕಾರಿ ಶಾಲೆಯ ಇಂಗ್ಲಿಷ್ ಶಿಕ್ಷಕಿಯೊಬ್ಬರಿಗೆ ಎರಡನೆಯ ಮದುವೆಯ ಮೊದಲ ಹೆರಿಗೆಗೆ ರಜೆ ನಿರಾಕರಿಸಲಾಯಿತು. 2025ರ ಮೇ 23ರಂದು ಸುಪ್ರೀಂ ಕೋರ್ಟು ಆಕೆಯ ಪರ ತೀರ್ಪು ಕೊಟ್ಟಿತು. ಹೆರಿಗೆ ರಜೆ ಸರ್ಕಾರ ಕೃಪೆಯಿಂದ ಕೊಡುವ ವಸ್ತುವಲ್ಲ, ಸಂತಾನದ ಹಕ್ಕಿನ ಭಾಗ ಎಂಬುದು ಅದರ ಸಾರ. ಹನ್ನೆರಡು ತಿಂಗಳ ರಜೆ ಕೊಡುವ ಉದಾರ ರಾಜ್ಯದಲ್ಲೂ ಒಬ್ಬ ತಾಯಿ ದೆಹಲಿಯವರೆಗೆ ಹೋಗಬೇಕಾಯಿತು. ಸಂಸತ್ತಿನಲ್ಲಿ ಅಪ್ಪಂದಿರ ಮಾತು ಎತ್ತಿದ್ದು ಮಹಾರಾಷ್ಟ್ರದ ಸಂಸದ ರಾಜೀವ್ ಸಾತವ್. ಅವರು 2017ರಲ್ಲಿ ಮಂಡಿಸಿದ ಖಾಸಗಿ ಮಸೂದೆ ಅಸಂಘಟಿತ ವಲಯವನ್ನೂ ಸೇರಿಸಿ 15 ದಿನಗಳ ರಜೆ ಕೇಳಿತ್ತು, ಮೂರು ತಿಂಗಳವರೆಗೆ ವಿಸ್ತರಿಸುವ ಅವಕಾಶವನ್ನೂ ಇಟ್ಟಿತ್ತು. ಅದು ಕಾನೂನಾಗಲಿಲ್ಲ.

ಕಾನೂನು ಬಂದರೂ ಅಪ್ಪ ರಜೆಯನ್ನು ಎಲ್ಲಿ ಕಳೆಯುತ್ತಾನೆ ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ಪದ್ಧತಿಯಲ್ಲಿ ಚೊಚ್ಚಲ ಹೆರಿಗೆ ತವರಿನದು. ಏಳನೆಯ ತಿಂಗಳಿನಲ್ಲೋ ಒಂಬತ್ತನೆಯ ತಿಂಗಳಿನಲ್ಲೋ ಮಗಳನ್ನು ಕರೆತಂದು, ಬಾಣಂತನ ಮುಗಿಸಿ ಮೂರು ಅಥವಾ ಐದು ತಿಂಗಳಿಗೆ ತೊಟ್ಟಿಲ ಸಮೇತ ಕಳಿಸುತ್ತಾರೆ. ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿಯ ಪಥ್ಯ, ಎಲ್ಲವೂ ತಾಯಿಯ ತಾಯಿಯ ಕೈಯಲ್ಲಿ. ಹೆತ್ತವಳಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ, ಅದನ್ನು ಕೀಳಾಗಿ ಕಾಣುವ ಮಾತೇ ಬೇಡ. ಆದರೆ ಅಪ್ಪ ಈ ಏರ್ಪಾಟಿನಲ್ಲಿ ಭಾನುವಾರ ಹಣ್ಣು ಹಿಡಿದು ಬಂದು ಹೋಗುವ ನೆಂಟನಾಗಿಬಿಡುತ್ತಾನೆ. ಹದಿನೈದು ದಿನ ಸತತವಾಗಿ ಅತ್ತೆ ಮನೆಯಲ್ಲಿ ಉಳಿದರೆ ಅಳಿಯನಿಗೂ ಮುಜುಗರ, ಅವನಿಗೆ ಉಪಚಾರ ಮಾಡಬೇಕಾದ ಅತ್ತೆಗೂ ಹೊರೆ. ಕೂಸನ್ನು ಎತ್ತಿಕೊಳ್ಳುವ, ಬಟ್ಟೆ ಬದಲಿಸುವ ಅಭ್ಯಾಸ ಅವನಿಗೆ ಆಗಬೇಕಾದ ಮೊದಲ ತಿಂಗಳುಗಳು ಹೀಗೆ ಕೈಜಾರುತ್ತವೆ. ಹೆಂಡತಿ ಮನೆಗೆ ಮರಳುವ ಹೊತ್ತಿಗೆ ಅವಳು ಪಳಗಿದ ತಾಯಿ, ಅವನು ಹೊಸಬ.

ಆದ್ದರಿಂದ ಅಪ್ಪನ ರಜೆಯನ್ನು ಹೆರಿಗೆಯ ಮರುದಿನಕ್ಕೆ ಕಟ್ಟಿಹಾಕುವುದು ನಮ್ಮ ಕಡೆಯ ಬದುಕಿಗೆ ಹೊಂದುವುದಿಲ್ಲ. ಒಂದು ಭಾಗ ಹೆರಿಗೆಯ ವಾರದಲ್ಲಿ, ಆಸ್ಪತ್ರೆಯ ಓಡಾಟಕ್ಕೆ ಬೇಕು. ದೊಡ್ಡ ಭಾಗ ಬೇಕಾಗುವುದು ಆಮೇಲೆ, ತಾಯಿಯ 26 ವಾರ ಮುಗಿದು ಆಕೆ ಮತ್ತೆ ವ್ಯಾನು ಹತ್ತುವ ಹೊತ್ತಿಗೆ. ಬರೀ ಎದೆಹಾಲಿನ ಆರು ತಿಂಗಳು ಮುಗಿದು ಕೂಸಿಗೆ ರಾಗಿ ಗಂಜಿ, ಮೆದು ಅನ್ನ ಶುರುವಾಗುವ ಸಮಯವೂ ಅದೇ. ಉಣಿಸಲು ಅಪ್ಪನಿಂದ ಆಗದ್ದೇನೂ ಇಲ್ಲ. ತಿರುಪ್ಪೂರಿನ ಎಷ್ಟೋ ಟೈಲರುಗಳು ಕಂಪನಿಗೆ ಮರಳದೆ ಮನೆಯಲ್ಲಿ ದಾರ ಕತ್ತರಿಸುವ ಅಗ್ಗದ ಕೆಲಸಕ್ಕೆ ಜಾರುವುದು ಈ ಏಳನೆಯ, ಎಂಟನೆಯ ತಿಂಗಳಿನ ಸಂದಿಯಲ್ಲೇ.

ಎರಡನೆಯ ಹೆರಿಗೆಯ ಕತೆ ಬೇರೆ. ಅದು ಬಹುಮಟ್ಟಿಗೆ ಗಂಡನ ಮನೆಯಲ್ಲೇ ಆಗುತ್ತದೆ, ಶಾಲೆಗೆ ಹೋಗುವ ಹಿರಿ ಮಗುವೂ ಮನೆಯಲ್ಲಿರುತ್ತದೆ. ಒಡಿಶಾ, ಬಿಹಾರಗಳಿಂದ ಬಂದು ತಿರುಪ್ಪೂರಿನ ಒಂಟಿ ಕೋಣೆಗಳಲ್ಲಿ ಬಾಡಿಗೆಗಿರುವ ಜೋಡಿಗಳಿಗಂತೂ ತವರು ಎಂಬುದು ಎರಡು ದಿನದ ರೈಲು ಪ್ರಯಾಣದಾಚೆ ಇದೆ. ಅಲ್ಲಿ ಅಪ್ಪನ ರಜೆಗೆ ಬದಲಿ ವ್ಯವಸ್ಥೆಯೇ ಇಲ್ಲ.

ಲೋಕದ ಅನುಭವದಿಂದ ಏನು ಕಲಿಯಬಹುದು? ಸ್ವೀಡನ್ 1974ರಲ್ಲಿ ತಾಯಿಯ ರಜೆ ಎಂಬುದನ್ನೇ ತೆಗೆದು ಪಾಲಕರ ರಜೆ ಮಾಡಿತು, ಇಬ್ಬರೂ ಇಷ್ಟಬಂದಂತೆ ಹಂಚಿಕೊಳ್ಳಿ ಎಂದಿತು. ಕೆಂಪು ಕೂದಲಿನ ಭಾರ ಎತ್ತುವ ಪಟುವೊಬ್ಬ ನಗುತ್ತಾ ಕೂಸು ಎತ್ತಿಕೊಂಡ ಭಿತ್ತಿಚಿತ್ರವನ್ನು ಅಂಟಿಸಿ ಪ್ರಚಾರವನ್ನೂ ಮಾಡಿತು. ಆದರೂ ಶುರುವಿನಲ್ಲಿ ಗಂಡಸರು ಬಳಸಿದ್ದು ಒಟ್ಟು ದಿನಗಳಲ್ಲಿ ನೂರಕ್ಕೆ ಒಂದಕ್ಕೂ ಕಡಿಮೆ. 1995ರಲ್ಲಿ ಒಂದು ತಿಂಗಳನ್ನು ಪ್ರತಿಯೊಬ್ಬ ಪಾಲಕರಿಗೂ ಮೀಸಲಿಟ್ಟರು. ಅಪ್ಪ ಬಳಸದಿದ್ದರೆ ಆ ತಿಂಗಳು ಅಮ್ಮನಿಗೂ ಇಲ್ಲ, ಅದು ಹೋಯಿತು. ಮೀಸಲು 2002ರಲ್ಲಿ ಎರಡು ತಿಂಗಳಾಯಿತು, 2016ರಲ್ಲಿ ಮೂರಾಯಿತು. ಈಗ ಅಲ್ಲಿ ಒಟ್ಟು 480 ದಿನಗಳಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಗಂಡಸರು ಬಳಸುತ್ತಾರೆ.

ನಾರ್ವೆಯ ಉದಾಹರಣೆ ಇನ್ನೂ ಸ್ಪಷ್ಟ. 1993ರಲ್ಲಿ ನಾಲ್ಕು ವಾರಗಳನ್ನು ಅಪ್ಪನಿಗೆಂದೇ ಇಡುವ ಮೊದಲು ನೂರರಲ್ಲಿ ಮೂರು ನಾಲ್ಕು ಮಂದಿ ಮಾತ್ರ ರಜೆ ಹಾಕುತ್ತಿದ್ದರು. ಮುಂದಿನ ಕೆಲವೇ ವರ್ಷಗಳಲ್ಲಿ ಅದು ಎಪ್ಪತ್ತರ ಆಸುಪಾಸಿಗೆ ಏರಿತು. ಅಲ್ಲಿನ ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದು ಹೇಗೆ ಹಬ್ಬಿತು ಎಂಬುದನ್ನು ತೋರಿಸಿತು. ಸಹೋದ್ಯೋಗಿ ರಜೆ ಹಾಕಿದ್ದರೆ ಪಕ್ಕದವನು ಹಾಕುವ ಸಾಧ್ಯತೆ 11 ಶೇಕಡಾ ಅಂಕ ಹೆಚ್ಚುತ್ತಿತ್ತು, ಅಣ್ಣನೋ ತಮ್ಮನೋ ಹಾಕಿದ್ದರೆ 15 ಅಂಕ. ಮೇಲಧಿಕಾರಿಯೇ ಹಾಕಿದ್ದರೆ ಪರಿಣಾಮ ಇನ್ನೂ ದೊಡ್ಡದು. ಗಂಡಸರಿಗೆ ಮನಸ್ಸಿಲ್ಲ ಎಂಬ ಮಾತಿಗಿಂತ, ಮೊದಲು ಯಾರು ಹೋಗುತ್ತಾರೆಂದು ಕಾಯುತ್ತಾ ನಿಂತಿದ್ದರು ಎಂಬುದೇ ನಿಜಕ್ಕೆ ಹತ್ತಿರ.

ಬ್ರಿಟನ್ ಈ ಪಾಠವನ್ನು ಬಿಟ್ಟು ಬೇರೆ ದಾರಿ ಹಿಡಿಯಿತು. 2015ರ ಏಪ್ರಿಲಿನಿಂದ ತಾಯಿ ತನ್ನ ರಜೆಯಲ್ಲಿ 50 ವಾರಗಳವರೆಗೆ ಗಂಡನಿಗೆ ಬಿಟ್ಟುಕೊಡಬಹುದು, ಅದರಲ್ಲಿ 37 ವಾರಕ್ಕೆ ಭತ್ಯೆ ಸಿಗುತ್ತದೆ. ಕೇಳಲು ಚೆಂದ. ಆದರೆ ಆ ಭತ್ಯೆ ಗಂಡಸಿನ ಸಂಬಳದ ಎದುರು ತೀರಾ ಸಣ್ಣದು, ನಿಯಮಗಳು ಜಟಿಲ, ಅದಕ್ಕಿಂತ ಮುಖ್ಯವಾಗಿ ಅಪ್ಪ ತೆಗೆದುಕೊಂಡಷ್ಟೂ ಅಮ್ಮನಿಗೆ ಕಡಿಮೆಯಾಗುತ್ತದೆ. ಸರ್ಕಾರವೇ 2023ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ ಅದನ್ನು ಬಳಸಿದ್ದು ಅರ್ಹ ತಂದೆಯರಲ್ಲಿ ನೂರಕ್ಕೆ ಐದರಷ್ಟು. ಜಪಾನಿನಲ್ಲಿ ಗಂಡಸರಿಗೆ ಒಂದು ವರ್ಷದ ರಜೆ ಬಹುಕಾಲದಿಂದ ಇತ್ತು, ಕಚೇರಿಯ ಅಂಜಿಕೆಯಿಂದ ಯಾರೂ ಮುಟ್ಟುತ್ತಿರಲಿಲ್ಲ. 2020ರ ಜನವರಿಯಲ್ಲಿ ಸಚಿವ ಶಿಂಜಿರೊ ಕೊಯಿಜುಮಿ ಎರಡು ವಾರ ರಜೆ ಹಾಕಿದ್ದು ದೊಡ್ಡ ಸುದ್ದಿಯಾಯಿತು. 2022ರಲ್ಲಿ ನಾಲ್ಕು ವಾರಗಳ ಹೊಸ ರಜೆ ತಂದು, ನೌಕರನಿಗೆ ಅದರ ಬಗ್ಗೆ ಮಾಲೀಕನೇ ತಿಳಿಸಿ ಕೇಳಬೇಕು ಎಂದು ನಿಯಮ ಮಾಡಿದ ಮೇಲೆ ಪ್ರಮಾಣ 2023ರಲ್ಲಿ ನೂರಕ್ಕೆ 30ಕ್ಕೆ, 2024ರಲ್ಲಿ 40ಕ್ಕೆ ಏರಿತು.

ಇದೆಲ್ಲದರಿಂದ ಹೊರಡುವ ಮಾತು ಒಂದೇ. ಇಷ್ಟಬಂದಂತೆ ಹಂಚಿಕೊಳ್ಳಿ ಎಂದು ಕೊಟ್ಟ ರಜೆ ಹಂಚಿಕೆಯಾಗುವುದಿಲ್ಲ, ಅದು ಅಮ್ಮನ ಬಳಿಯೇ ಉಳಿಯುತ್ತದೆ. ಅಪ್ಪನ ಹೆಸರು ಬರೆದ, ಕೂಲಿಗೆ ಕತ್ತರಿ ಬೀಳದ, ಅವನು ಬಿಟ್ಟರೆ ವ್ಯರ್ಥವಾಗುವ ರಜೆ ಮಾತ್ರ ಅವನನ್ನು ಮನೆಗೆ ಕರೆತರುತ್ತದೆ. ಭಾರತದಲ್ಲಿ ಹಂಚಿಕೆ ಎಂದರೆ ತಾಯಿಯ 26 ವಾರದಲ್ಲಿ ಕತ್ತರಿಸಿ ಕೊಡುವುದು ಎಂದಾಗಬಾರದು. ರಕ್ತಹೀನತೆಯಿಂದ ಬಳಲುವ ತಾಯಂದಿರು ಇಷ್ಟೊಂದು ಇರುವ ನಾಡಿನಲ್ಲಿ ಆ ಆರು ತಿಂಗಳು ಮೈ ಸುಧಾರಿಸಿಕೊಳ್ಳಲು, ಹಾಲೂಡಿಸಲು ಬೇಕೇ ಬೇಕು. ಅಪ್ಪನ ವಾರಗಳು ಅದರ ಮೇಲೆ ಸೇರಬೇಕು.

ದುಡ್ಡು ಯಾರು ಕೊಡಬೇಕು? ಇ.ಎಸ್.ಐ. ಹೊರಗಿನ ಸಂಸ್ಥೆಗಳಲ್ಲಿ ಹೆರಿಗೆ ರಜೆಯ ಸಂಬಳ ಪೂರ್ತಿಯಾಗಿ ಮಾಲೀಕನ ತಲೆಯ ಮೇಲೆ ಬೀಳುತ್ತದೆ. ಸಣ್ಣ ಸಂಸ್ಥೆಯೊಂದು ಮದುವೆಯಾದ ಹೊಸ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂದೆ ಮುಂದೆ ನೋಡುವುದು ಇದೇ ಕಾರಣಕ್ಕೆ. ಏಳು ವಾರಗಳ ಸಂಬಳವನ್ನು ತಾನು ಭರಿಸುವ ಆಲೋಚನೆಯನ್ನು ಕೇಂದ್ರ ಸರ್ಕಾರ 2018ರ ನವೆಂಬರಿನಲ್ಲಿ ಮುಂದಿಟ್ಟಿತ್ತು. ಅಪ್ಪನಿಗೂ ರಜೆ ಎಂದಾದರೆ ಈ ತಾರತಮ್ಯದ ಬೇರು ಸಡಿಲವಾಗುತ್ತದೆ, ಏಕೆಂದರೆ ಮಾಲೀಕನ ಲೆಕ್ಕದಲ್ಲಿ ಗಂಡಸೂ ನಾಳೆ ರಜೆ ಹಾಕುವವನೇ ಆಗುತ್ತಾನೆ.

ತಿರುಪ್ಪೂರಿನಂಥ ಕಡೆ ದಾರಿ ಇನ್ನೂ ಸುಲಭ, ಏಕೆಂದರೆ ಇ.ಎಸ್.ಐ. ಈಗಾಗಲೇ ಇದೆ. ಒಂದು ಸರಳ ಲೆಕ್ಕ ಹಾಕಬಹುದು. ತಿಂಗಳಿಗೆ 13,000 ರೂಪಾಯಿ ದುಡಿಯುವ ಗಂಡಸಿನ ಹೆಸರಿನಲ್ಲಿ ಅವನ ಪಾಲು ನೂರಕ್ಕೆ 0.75, ಮಾಲೀಕನ ಪಾಲು 3.25, ಒಟ್ಟು ತಿಂಗಳಿಗೆ 520 ರೂಪಾಯಿ ನಿಧಿಗೆ ಹೋಗುತ್ತದೆ. ವರ್ಷಕ್ಕೆ 6,240. ಅವನಿಗೆ ಎರಡು ವಾರ ಪೂರ್ತಿ ಕೂಲಿ ಕೊಟ್ಟರೆ ಆಗುವ ಖರ್ಚು ಸುಮಾರು 6,070. ಅಂದರೆ ಒಂದು ವರ್ಷದ ವಂತಿಗೆಗಿಂತ ಸ್ವಲ್ಪ ಕಡಿಮೆ, ಅದೂ ಬದುಕಿನಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಆಸ್ಪತ್ರೆ, ಔಷಧ, ಕಾಯಿಲೆ ಭತ್ಯೆಗಳೆಲ್ಲ ಇದೇ ನಿಧಿಯಿಂದ ಹೋಗಬೇಕೆಂಬುದು ನಿಜ. ಆದರೂ ಇಡೀ ದುಡಿಮೆಯ ಕಾಲ ವಂತಿಗೆ ಕಟ್ಟುವವನಿಗೆ ಇದು ಹೊರಲಾರದ ಭಾರವಲ್ಲ. 2019ರ ಫೆಬ್ರವರಿಯಲ್ಲಿ ತಿರುಪ್ಪೂರಿನಲ್ಲಿ ನೂರು ಹಾಸಿಗೆಯ ಇ.ಎಸ್.ಐ. ಆಸ್ಪತ್ರೆಗೆ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಆ ನಿಧಿಯ ಆಸ್ಪತ್ರೆಯ ಹೆರಿಗೆ ವಾರ್ಡಿನ ಹೊರಗೆ ಕಾಯುವ ಗಂಡನೂ ಅದೇ ನಿಧಿಯ ಸದಸ್ಯ ಎಂಬುದು ನೆನಪಿರಬೇಕು.

ಗಂಡಸರು ರಜೆ ಹಾಕಿ ಬೇರೆ ಕಂಪನಿಯಲ್ಲಿ ಶಿಫ್ಟ್ ಮಾಡುತ್ತಾರೆ ಎಂಬ ಆಕ್ಷೇಪ ಇಲ್ಲಿ ಸಾಮಾನ್ಯ. ಕೂಲಿ ಕಡಿಮೆಯಿರುವ ಕಡೆ ಈ ಆಸೆ ಸಹಜ, ಅಲ್ಲಗಳೆಯಬೇಕಾಗಿಲ್ಲ. ಆದರೆ ರಜೆಯಲ್ಲಿರುವ ತಾಯಿ ಬೇರೆಡೆ ದುಡಿದರೆ ಭತ್ಯೆ ಕಳೆದುಕೊಳ್ಳುತ್ತಾಳೆ ಎಂಬ ನಿಯಮ 1961ರಿಂದಲೇ ಇದೆ. ಅದನ್ನೇ ಅಪ್ಪನಿಗೂ ಅನ್ವಯಿಸಿದರೆ ಸಾಕು. ಪೂರ್ತಿ ಕೂಲಿ ಸಿಕ್ಕರೆ ಆಸೆಯ ಅರ್ಧ ಬಲವೇ ಕುಂದುತ್ತದೆ. ಇನ್ನು ಮನೆಯಲ್ಲಿದ್ದೂ ಗಂಡಸರು ಕೆಲಸ ಮಾಡುವುದಿಲ್ಲ ಎಂಬ ಮಾತು. ದೇಶದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 299 ನಿಮಿಷ ಕೊಟ್ಟರೆ, ಗಂಡಸರು 97 ನಿಮಿಷ. ಅದರಲ್ಲಿ ಕೈಹಾಕುವ ಗಂಡಸರೇ ನೂರಕ್ಕೆ 26. ಈ ಅಂಕಿಗಳು ಅಪ್ಪನ ರಜೆ ವ್ಯರ್ಥ ಎನ್ನಲು ಆಧಾರವಲ್ಲ. ಕೆಲಸ ಕಲಿಯುವ ಅವಕಾಶವನ್ನೇ ಕೊಡದ ವ್ಯವಸ್ಥೆ ಹೇಗಿರುತ್ತದೆಂದು ಅವು ತೋರಿಸುತ್ತವೆ.

ಕನ್ನಡ ಕುಟುಂಬಗಳು ಪರದೇಶಗಳಲ್ಲಿ ಕಂಡುಕೊಂಡ ದಾರಿಯೂ ಈ ಕತೆಯ ಭಾಗ. ಅಮೆರಿಕದ 1993ರ ಕಾನೂನು 12 ವಾರ ರಜೆ ಕೊಡುತ್ತದೆ, ಸಂಬಳ ಕೊಡುವುದಿಲ್ಲ. ಹೀಗಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಅಮ್ಮಂದಿರು ಪ್ರವಾಸಿ ವೀಸಾ ಹಿಡಿದು, ಅಂಟಿನುಂಡೆಯ ಸಾಮಾನು ಕಟ್ಟಿಕೊಂಡು, ಆರು ತಿಂಗಳು ಬಾಣಂತನ ಮಾಡಿ ಬರುತ್ತಾರೆ. ಅವರು ಹೊರಡುವ ಹೊತ್ತಿಗೆ ಸರಿಯಾಗಿ ಗಂಡನ ಅಮ್ಮ ಬಂದು ಇಳಿಯುತ್ತಾರೆ. ಒಂದು ವರ್ಷದ ಶಿಶುಪಾಲನೆ ಇಬ್ಬರು ಅಜ್ಜಿಯರ ನಡುವೆ ಹಂಚಿಹೋಗುತ್ತದೆ. ಸಿಂಗಪುರದಲ್ಲಿರುವವರ ಸ್ಥಿತಿ ಉತ್ತಮ. ಅಲ್ಲಿ 2025ರ ಏಪ್ರಿಲಿನಿಂದ ಅರ್ಹ ಅಪ್ಪಂದಿರಿಗೆ ಸರ್ಕಾರದ ಹಣದಲ್ಲಿ ನಾಲ್ಕು ವಾರ ಕಡ್ಡಾಯ ರಜೆ ಇದೆ, ಅದರ ಮೇಲೆ ಅಪ್ಪ ಅಮ್ಮ ಹಂಚಿಕೊಳ್ಳುವ ಆರು ವಾರ. ಆ ಆರು 2026ರ ಏಪ್ರಿಲಿನಿಂದ ಹತ್ತು.

ಅಜ್ಜಿಯನ್ನು ತಮಿಳುನಾಡು ಸರ್ಕಾರವೂ ಮರೆತಿಲ್ಲ. ಹೆರಿಗೆ ರಜೆ ಮುಗಿಸಿ ಮರಳುವ ಮಹಿಳಾ ಪೊಲೀಸರನ್ನು ಮೂರು ವರ್ಷ ತವರಿನ ಅಥವಾ ಗಂಡನ ಮನೆಯವರ ಜಿಲ್ಲೆಗೇ ನಿಯೋಜಿಸುವುದಾಗಿ 2024ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಘೋಷಿಸಿದರು. ಒಳ್ಳೆಯ ನಿರ್ಧಾರ. ಆದರೆ ಮಗು ನೋಡಿಕೊಳ್ಳುವ ಎರಡನೆಯ ವ್ಯಕ್ತಿ ಅಜ್ಜಿಯೇ, ಅಪ್ಪನಲ್ಲ ಎಂಬ ಎಣಿಕೆ ಅದರಲ್ಲೂ ಇದೆ. ಸ್ವೀಡನ್ ಅಜ್ಜಿಯನ್ನು ಬೇರೆ ರೀತಿಯಲ್ಲಿ ಗೌರವಿಸಿತು. 2024ರ ಜುಲೈನಿಂದ ಅಲ್ಲಿ ಪಾಲಕರಲ್ಲಿ ಪ್ರತಿಯೊಬ್ಬರೂ ತಮ್ಮ ಪಾಲಿನ 45 ದಿನಗಳವರೆಗಿನ ಭತ್ಯೆಯನ್ನು ಅಜ್ಜ ಅಜ್ಜಿಯರಿಗೆ ಬಿಟ್ಟುಕೊಡಬಹುದು. ಐವತ್ತರ ಆಸುಪಾಸಿನ ಅಜ್ಜಿಯರೂ ಹತ್ತಿ ಬಿಡಿಸುವ, ಕಾಯಿ ಸುಲಿಯುವ, ಗಿರಣಿಗೆ ಹೋಗುವ ಧಾರಾಪುರಂ ಸೀಮೆಗೆ ಈ ಆಲೋಚನೆ ಸ್ವೀಡನ್ನಿಗಿಂತ ಹೆಚ್ಚು ಒಪ್ಪುತ್ತದೆ. ಇಲ್ಲಿ ಮೊಮ್ಮಗುವಿಗಾಗಿ ಅಜ್ಜಿ ಬಿಟ್ಟ ಕೂಲಿಯನ್ನು ಈವರೆಗೆ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಕೆಲವು ದೊಡ್ಡ ಕಂಪನಿಗಳು ಕಾನೂನಿಗೆ ಕಾಯದೆ ಮುಂದೆ ಹೋಗಿವೆ. ಜೊಮ್ಯಾಟೊ 2019ರಲ್ಲಿ, ಬೆಂಗಳೂರಿನ ಡಿಯಾಜಿಯೊ ಇಂಡಿಯಾ 2021ರಲ್ಲಿ ಗಂಡು ಹೆಣ್ಣೆನ್ನದೆ ಎಲ್ಲ ಪಾಲಕರಿಗೂ 26 ವಾರ ಎಂದು ಸಾರಿದವು. ಕ್ರಿಕೆಟಿನಲ್ಲಿ ವಿರಾಟ್ ಕೊಹ್ಲಿ 2020ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ ಸರಣಿಯನ್ನು ನಡುವೆಯೇ ಬಿಟ್ಟು ಬಂದಾಗ ದೊಡ್ಡ ವಾದವೇ ನಡೆಯಿತು. 2025ರ ಮಾರ್ಚಿನಲ್ಲಿ ಮಂಗಳೂರಿನ ಕೆ.ಎಲ್. ರಾಹುಲ್ ಮಗಳು ಹುಟ್ಟಿದ ದಿನ ಐಪಿಎಲ್ ಪಂದ್ಯ ಬಿಟ್ಟಾಗ ಜನ ಶುಭಾಶಯ ಹೇಳಿ ಸುಮ್ಮನಾದರು. ನಾಲ್ಕು ವರ್ಷಗಳಲ್ಲಿ ನೋಟ ಅಷ್ಟರಮಟ್ಟಿಗೆ ಬದಲಾಗಿದೆ. ನಾರ್ವೆಯ ಅಧ್ಯಯನ ಹೇಳಿದ ಮೇಲಧಿಕಾರಿಯ ಪರಿಣಾಮ ಇಂಥ ಕಡೆಯಿಂದಲೂ ಇಳಿದು ಬರಬಹುದು. ಆದರೆ ಹೊಲಿಗೆ ಯಂತ್ರದ ಸಾಲಿನವರೆಗೆ ಅದು ಮಾದರಿಯ ಬಲದಿಂದ ಮಾತ್ರ ಇಳಿಯದು, ಸಂಹಿತೆಯಲ್ಲಿ ಒಂದು ಕಲಮು ಬೇಕು. ಪವರ್ ಟೇಬಲ್ ಗುತ್ತಿಗೆಯಲ್ಲಿರುವವರ ಹೆಸರು ಪಟ್ಟಿಗೆ ಬರಬೇಕಾದ್ದು ಅದಕ್ಕೂ ಮೊದಲಿನ ಕೆಲಸ. ಅದಾಗದೆ ಅಪ್ಪನ ರಜೆಯೂ ತಾಯಿಯ ರಜೆಯಂತೆ ಬೀದಿಯ ಅರ್ಧಕ್ಕೇ ನಿಲ್ಲುತ್ತದೆ.

ಸದ್ಯಕ್ಕೆ ತಿರುಪ್ಪೂರಿನಲ್ಲಿ ಅಪ್ಪನ ರಜೆ ನಡೆಯುವ ಬಗೆ ಹೀಗಿದೆ. ಹೆರಿಗೆಯ ನೋವು ಶುರುವಾಯಿತೆಂದು ಫೋನು ಬಂದಾಗ ಅವನು ಸೂಪರ್‌ವೈಸರಿಗೆ ಹೇಳಿ ಯಂತ್ರ ಬಿಟ್ಟು ಏಳುತ್ತಾನೆ. ಎರಡು ದಿನ ಆಸ್ಪತ್ರೆಯ ಜಗಲಿ, ಮೂರನೆಯ ದಿನ ಔಷಧದಂಗಡಿ ಮತ್ತು ನೆಂಟರ ಊಟ, ನಾಲ್ಕನೆಯ ದಿನ ಬೆಳಗ್ಗೆ ಮತ್ತೆ ವ್ಯಾನು. ಹೆಂಡತಿಯ ಭತ್ಯೆ ನಿಧಿಯಿಂದ ಆಕೆಯ ಬ್ಯಾಂಕ್ ಖಾತೆಗೆ ಬರುತ್ತದೆ. ಶನಿವಾರ ಸಂಜೆ ವಾರದ ಕೂಲಿ ಎಣಿಸುವಾಗ ಗಂಡನ ಹೆಸರಿನ ಮುಂದೆ ಮೂರು ಶಿಫ್ಟ್ ಖಾಲಿ ಇರುತ್ತದೆ, ಇ.ಎಸ್.ಐ. ವಂತಿಗೆಯನ್ನು ಉಳಿದ ಮೂರು ಶಿಫ್ಟಿನ ಕೂಲಿಯಿಂದ ಮುರಿದುಕೊಂಡಿರುತ್ತಾರೆ.